ಗಫಾರ್ ಸಾಬರನ್ನು ಕೂರಿಸಿದ ದಿನ

ಜನವರಿ ತಿಂಗಳ ಎರಡನೆಯ ಭಾನುವಾರ, ಬೆಳಗ್ಗೆ ನಾಲ್ಕು ಮುಕ್ಕಾಲು. ಸ್ಥಳ: ಭದ್ರಾವತಿಯ ಜನ್ನಾಪುರದಲ್ಲಿ ನಮ್ಮ ಮನೆಯ ಅಡುಗೆಮನೆ. ಹಾಜರಿದ್ದವರು: ನಾನು, ನನ್ನ ಹೆಂಡತಿ ಗೌರಮ್ಮ, ಒದ್ದೆ ಬಟ್ಟೆಯಲ್ಲಿ ಮೊಳಕೆ ಕಟ್ಟಿದ್ದ ಒಂದು ಹಿಡಿ ಹುರುಳಿ. ಹಾಜರಿಲ್ಲದೆಯೂ ಅಡುಗೆಮನೆಯನ್ನೆಲ್ಲ ತುಂಬಿಕೊಂಡಿದ್ದವರು ಗಫಾರ್ ಸಾಬರು. ಹುರುಳಿಯನ್ನು ಒಂದೊಂದೇ ಕಾಳಾಗಿ ಅಗಿಯುತ್ತ ನಾನು ಅವರನ್ನೇ ನೆನೆಯುತ್ತಿದ್ದೆ. ಶಿವನನ್ನು ನೆನೆಯಬೇಕಾದ ಹೊತ್ತಿನಲ್ಲಿ ಇನ್ನೊಬ್ಬ ಗಂಡಸಿನ ಮೊಣಕಾಲುಗಳನ್ನು ನೆನೆಯುತ್ತ ಕೂರುವವನ ಕಾಯಿಲೆಗೆ ಏನು ಹೆಸರೆಂದು ಓದುಗರು ಊಹಿಸುವ ಮೊದಲು ನಾನೇ ಹೇಳಿಬಿಡುತ್ತೇನೆ. ಹೊಟ್ಟೆಕಿಚ್ಚು.

ಹೊಟ್ಟೆಕಿಚ್ಚಿಗೂ ಒಂದು ವಯಸ್ಸು ಬೇಡವೇ ಎಂದು ಕೇಳಬಹುದು. ನನಗೆ ಆಗ ಐವತ್ತನಾಲ್ಕು. ಕಾರ್ಖಾನೆಯ ಟೈಂ ಆಫೀಸಿನಲ್ಲಿ ಹಿರಿಯ ಗುಮಾಸ್ತ. ಯಾರು ಯಾವ ಪಾಳಿಗೆ ಬರಬೇಕು, ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂಬುದನ್ನು ಬರೆದಿಡುವುದು ನನ್ನ ಕೆಲಸ. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ತಡವಾಗಿ ಹೋದವನಲ್ಲ. ಕಾರ್ಖಾನೆಯ ಸೈರನ್ ಕೂಗಿದಾಗ ಊರಿನವರೆಲ್ಲ ತಮ್ಮ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ನಾನು ನನ್ನ ಕೈಗಡಿಯಾರ ನೋಡಿ ಸೈರನ್ ಸರಿಯಾಗಿದೆಯೇ ಎಂದು ತಿಳಿದುಕೊಳ್ಳುತ್ತಿದ್ದೆ. ಇಂಥವನು ನಲವತ್ತೈದು ದಾಟಿದ ಮೇಲೆ ಒಂದು ಆಟಕ್ಕೆ ಬಿದ್ದ. ಅದು ನಡಿಗೆ ಪಂದ್ಯ. ನಲವತ್ತೈದು ವರ್ಷ ಮೀರಿದವರಿಗೆ ಒಂದು ಮೈಲಿ. ಓಡಬಾರದು, ಯಾವಾಗಲೂ ಒಂದು ಕಾಲು ನೆಲದ ಮೇಲಿರಬೇಕು, ಎರಡೂ ಎದ್ದರೆ ತೀರ್ಪುಗಾರ ಕೆಂಪು ಬಾವುಟ ಎತ್ತಿ ಹೊರಗೆ ಕಳಿಸುತ್ತಾನೆ. ನಿಯಮದ ಮೇಲೆ ನಿಂತ ಆಟ. ನನಗೆಂದೇ ಯಾರೋ ಕೂತು ಮಾಡಿಸಿದಂತಿತ್ತು. ಸೊಂಟ ತಿರುಗಿಸುತ್ತ, ಮೊಣಕೈ ಬೀಸುತ್ತ ಹಿತ್ತಿಲಿನಲ್ಲಿ ಅಭ್ಯಾಸ ಮಾಡುವುದನ್ನು ಮೊದಲ ಸಲ ಕಂಡ ಗೌರಮ್ಮ ಮಾತ್ರ, "ರೀ, ಇರುವೆ ಕಚ್ಚಿತಾ?" ಎಂದು ಓಡಿ ಬಂದಿದ್ದಳು.

ನಾನು ಯಾವುದನ್ನೂ ಅರ್ಧ ಮಾಡುವವನಲ್ಲ. ಚಿಕ್ಕಂದಿನಲ್ಲಿ ಮಠದ ಪ್ರಸಾದ ನಿಲಯದಲ್ಲಿದ್ದು ಓದಿದವನು. ಅಲ್ಲಿ ನಾಲ್ಕೂವರೆಗೆ ಗಂಟೆ, ನಾಲ್ಕು ಮುಕ್ಕಾಲಿಗೆ ಸ್ನಾನ, ತಲೆಗೆ ಇಷ್ಟೇ ತಂಬಿಗೆ ನೀರು, ಊಟಕ್ಕೆ ಕೂತರೆ ಬಲಗಡೆಯವನ ಎಲೆ ನೋಡಬಾರದು. "ಕ್ರಮ ಇದ್ರೆ ಎಲ್ಲಾ ಬರ್ತದೆ ಕಣೋ, ವಿದ್ಯೆ ಬರ್ತದೆ, ಬುದ್ಧಿ ಬರ್ತದೆ, ಅನ್ನ ಬರ್ತದೆ" ಎಂದು ನಿಲಯದ ಅಯ್ಯನವರು ಹೇಳುತ್ತಿದ್ದರು. ನಾನು ನಂಬಿದೆ. ನನ್ನ ಬಲಗಡೆ ಕೂರುತ್ತಿದ್ದ, ಗಂಟೆ ಹೊಡೆದರೂ ಏಳದೆ ಬೆತ್ತದ ಏಟು ತಿಂದು ಏಳುತ್ತಿದ್ದ ಒಬ್ಬ ಹುಡುಗ ಪ್ರತಿ ಪರೀಕ್ಷೆಯಲ್ಲೂ ನನಗಿಂತ ಹತ್ತು ಅಂಕ ಹೆಚ್ಚು ತೆಗೆಯುತ್ತಿದ್ದ. ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು. ಎಲೆ ನೋಡಬಾರದೆಂದು ಕಲಿಸಿದರೇ ಹೊರತು ಅಂಕ ನೋಡಬಾರದೆಂದು ಯಾರೂ ಕಲಿಸಲಿಲ್ಲ.

ನಡಿಗೆಗೂ ನಾನು ಕ್ರಮ ಹಾಕಿಕೊಂಡೆ. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎದ್ದ ಹೊತ್ತು, ನಾಡಿ, ನಿದ್ದೆ, ನಡೆದ ದೂರ, ತೆಗೆದುಕೊಂಡ ಸಮಯ ಎಂದು ಮನೆಗಳನ್ನು ಮಾಡಿದೆ. ತಿಂಗಳಿಗೊಮ್ಮೆ ಸೊಸೈಟಿ ಗೋದಾಮಿಗೆ ಹೋಗಿ, ಎರಡು ಅಕ್ಕಿಮೂಟೆ ಇಳಿಸುವ ನಡುವೆ ತಕ್ಕಡಿ ಹತ್ತಿ ತೂಕ ನೋಡಿಸಿಕೊಂಡೆ. ಹೊಳೆಹೊನ್ನೂರು ರಸ್ತೆಯಲ್ಲಿ ಭಾನುವಾರ ನಾಲ್ಕು ಮೈಲಿ ಹೋಗಿ ಬರುತ್ತಿದ್ದೆ. ಮೊದಮೊದಲು ಬೆಳಗಿನ ಬಸ್ಸಿನ ಕಂಡಕ್ಟರು ನನ್ನ ನಡಿಗೆ ನೋಡಿ ಸೀಟಿ ಊದಿ ಬಸ್ಸು ನಿಲ್ಲಿಸಿ, "ಹತ್ತಿ ಯಜಮಾನ್ರೆ, ಅರ್ಜೆಂಟ್ ಇದ್ದಂಗಿದೆ, ಬೇಗ ಬಿಡ್ತೀನಿ" ಎನ್ನುತ್ತಿದ್ದ. ಅರ್ಜೆಂಟ್ ಏನೂ ಇಲ್ಲ, ಅಭ್ಯಾಸ ಎಂದು ನಾನು ಹೇಳಿದರೆ ಬಸ್ಸಿನೊಳಗಿದ್ದವರು ಒಂದೇ ಕಡೆಯ ಕಿಟಕಿಗಳಿಗೆ ಬಂದು ನೋಡುತ್ತಿದ್ದರು.

ಇಷ್ಟೆಲ್ಲ ಮಾಡಿ, ಮೊದಲ ವರ್ಷಗಳಲ್ಲಿ ಏನೂ ಸಿಗದೆ, ಹಿಂದಿನ ಮೂರು ವರ್ಷ ಕಾರ್ಖಾನೆಯ ವಾರ್ಷಿಕ ಪಂದ್ಯದಲ್ಲಿ ನಾನು ಪಡೆದದ್ದು ಎರಡನೆಯ ಸ್ಥಾನ. ಮೂರೂ ವರ್ಷ ಮೊದಲನೆಯ ಸ್ಥಾನ ಗಫಾರ್ ಸಾಬರದು. ಅವರು ಕಾರ್ಖಾನೆಯಲ್ಲಿ ಯಂತ್ರಗಳಿಗೆ ಎಣ್ಣೆ ಹಾಕುವವರು. ನನಗಿಂತ ಎರಡು ವರ್ಷಕ್ಕೆ ಚಿಕ್ಕವರು. ನಮ್ಮ ಹಿಂದಿನ ಬೀದಿಯಲ್ಲೇ ಮನೆ. ಒಳ್ಳೆಯ ಮನುಷ್ಯ, ಈ ಮಾತನ್ನು ಬರೆಯುವಾಗಲೂ ಲೇಖನಿ ಸ್ವಲ್ಪ ತಡವರಿಸುತ್ತದೆ. ಅವರಿಗೆ ನೋಟ್‌ಬುಕ್ಕಿಲ್ಲ, ನಾಡಿ ಎಲ್ಲಿದೆಯೆಂದೇ ತಿಳಿಯದು. ಪಂದ್ಯದ ದಿನ ಕ್ಯಾಂಟೀನಿನಲ್ಲಿ ನಾಲ್ಕು ಬೋಂಡ ತಿಂದು, ಬಟ್ಟಲಿಗೆ ಬಗ್ಗಿಸಿಕೊಂಡು ಸೊರಸೊರ ಟೀ ಕುಡಿದು, ಬೀಡಿಯ ತುಂಡನ್ನು ಬೇಲಿಗೆ ಒರೆಸಿ ಕಿವಿಯ ಮೇಲೆ ಸಿಕ್ಕಿಸಿಕೊಂಡು ಗೆರೆಯ ಬಳಿ ಬಂದು ನಿಲ್ಲುತ್ತಿದ್ದರು. ಪಿಸ್ತೂಲು ಸದ್ದಾದರೆ ಮುಗಿಯಿತು. ಸೊಂಟದಿಂದ ಮೇಲಿನ ಗಫಾರ್ ಸಾಬರು ಗಾಡಿಯಲ್ಲಿ ಕೂತು ಸಂತೆಗೆ ಹೋಗುವವರಂತೆ ಅಲುಗಾಡದೆ ಸಾಗುವರು; ಸೊಂಟದಿಂದ ಕೆಳಗಿನ ಗಫಾರ್ ಸಾಬರು ಆ ಗಾಡಿ. ನಾನು ಹಿಂದಿನಿಂದ ಅವರ ಬೆನ್ನು ನೋಡಿ ನೋಡಿ, ಆ ಬನಿಯನ್ನಿನಲ್ಲಿ ಎಷ್ಟು ತೂತುಗಳಿವೆ ಎಂಬುದೂ ನನಗೆ ಬಾಯಿಪಾಠವಾಗಿತ್ತು.

ಜನ ಅವರನ್ನು ನೋಡಿ "ಸಾಬ್ರು ಈ ವರ್ಷನೂ ಒಳ್ಳೆ ಫಾರಂನಲ್ಲಿದಾರೆ" ಎನ್ನುತ್ತಿದ್ದರು. ಈ ಫಾರಂ ಎನ್ನುವುದೇನು? ನಾನು ಬಹಳ ಯೋಚಿಸಿದ್ದೇನೆ. ಅದು ಶಕ್ತಿಯಲ್ಲ, ಶಕ್ತಿ ತೂಕಕ್ಕೆ ಸಿಗುತ್ತದೆ. ಆರೋಗ್ಯವಲ್ಲ, ನನ್ನ ಆರೋಗ್ಯ ಸಾಬರಿಗಿಂತ ಮೇಲು ಎಂದು ಕಾರ್ಖಾನೆಯ ಡಾಕ್ಟರೇ ಹೇಳಿದ್ದರು. ಅಭ್ಯಾಸವೂ ಅಲ್ಲ, ಅಭ್ಯಾಸವಾಗಿದ್ದರೆ ಅದು ನನ್ನ ಮನೆಯ ಮುಂದೆ ಕಟ್ಟಿ ಹಾಕಿದ ಎಮ್ಮೆಯಂತೆ ಬಿದ್ದಿರುತ್ತಿತ್ತು. ನಾನು ನಡೆಯುವಾಗ ಹಿಮ್ಮಡಿ, ಮೊಣಕಾಲು, ಸೊಂಟ, ಉಸಿರು ಎಲ್ಲವನ್ನೂ ಹಾಜರಿ ಕರೆದಂತೆ ಒಂದೊಂದಾಗಿ ಕರೆಯುತ್ತಿದ್ದೆ. ಒಂದನ್ನು ಕರೆಯುವಷ್ಟರಲ್ಲಿ ಇನ್ನೊಂದು ಎದ್ದು ಹೋಗಿರುತ್ತಿತ್ತು. ಸಾಬರಿಗೆ ತಾವು ನಡೆಯುತ್ತಿರುವುದೇ ಮರೆತುಹೋಗಿರುತ್ತಿತ್ತು. ಈ ತತ್ತ್ವವನ್ನು ಗೌರಮ್ಮನ ಮುಂದೆ ಇಟ್ಟಾಗ ಅವಳು ದೋಸೆ ಹುಯ್ಯುತ್ತಿದ್ದಳು. "ಅದಕ್ಕೇನ್ರೀ ಇಷ್ಟು ಯೋಚನೆ? ಹೆಂಚು ಕಾದಿದ್ರೆ ದೋಸೆ ತಾನೇ ಎದ್ದು ಬರುತ್ತೆ. ನೀವು ಹೆಂಚನ್ನ ತಿಕ್ಕಿ ತೊಳೆದು ಒರೆಸಿ ಒರೆಸಿ ಇಡ್ತೀರ. ಸಾಬ್ರು ಒಲೆ ಮೇಲೇ ಇಟ್ಟಿರ್ತಾರೆ" ಎಂದಳು. ಹೆಂಗಸರಿಗೆ ಕ್ರೀಡೆಯ ವಿಚಾರ ತಿಳಿಯುವುದಿಲ್ಲ ಎಂದುಕೊಂಡು ನಾನು ದೋಸೆ ತಿಂದು ಎದ್ದೆ.

ಈ ವರ್ಷದ ಪಂದ್ಯ ಉಳಿದವುಗಳಂತಲ್ಲ. ಮಾರ್ಚಿಗೆ ನನಗೆ ಐವತ್ತೈದು ತುಂಬಿ ಕೆಲಸದಿಂದ ನಿವೃತ್ತಿ. ಕಾರ್ಖಾನೆಯ ಪಂದ್ಯದಲ್ಲಿ ಗೆದ್ದ ಒಬ್ಬನೇ ಶಿವಮೊಗ್ಗದಲ್ಲಿ ಜಿಲ್ಲಾ ಪಂದ್ಯಕ್ಕೆ ಕಾರ್ಖಾನೆಯ ಹೆಸರಿನ ಬನಿಯನ್ ಹಾಕಿಕೊಂಡು ನಡೆಯುವುದು. ಎರಡನೆಯವನು ಬದಲಿ ಆಳಾಗಿ ಜೊತೆಗೆ ಹೋಗಿ ಚೀಲ ಕಾಯುವುದು. ಮೂರು ವರ್ಷ ನಾನು ಚೀಲ ಕಾದಿದ್ದೆ. ಆ ಬನಿಯನ್ ಒಂದು ಸಲವಾದರೂ ನನ್ನ ಮೈಮೇಲೆ ಬರಬೇಕು, ಇಲ್ಲದಿದ್ದರೆ ಇನ್ನು ಬರುವುದಿಲ್ಲ. ಮನುಷ್ಯನಿಗೆ ಇದಕ್ಕಿಂತ ದೊಡ್ಡ ಆಸೆಗಳಿರುತ್ತವೆಂದು ಕೇಳಿದ್ದೇನೆ. ಆ ಜನವರಿಯಲ್ಲಿ ನನಗಿರಲಿಲ್ಲ.

ಆದ್ದರಿಂದ ನಾನು ಒಂದು ಕೆಲಸ ಮಾಡಿದೆ. ಕಾರ್ಖಾನೆಯ ಪಂದ್ಯ ಆ ಭಾನುವಾರಕ್ಕೆ ಎಂಟು ದಿನ ಮೊದಲಿನ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ. ಪಂದ್ಯಕ್ಕೆ ಹೆಸರು ಕೊಟ್ಟವರನ್ನು ಅಂದು ಬೆಳಗಿನ ಪಾಳಿಗೆ ಹಾಕದೆ ಬಿಡುವುದು ಟೈಂ ಆಫೀಸಿನಲ್ಲಿ ಮೊದಲಿನಿಂದ ನಡೆದುಬಂದ ಪದ್ಧತಿ. ಎಲ್ಲಿಯೂ ಬರೆದಿರಲಿಲ್ಲ. ಬರೆಯದ ನಿಯಮ ನಿಯಮವೇ ಅಲ್ಲ ಎಂದು ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನನಗೆ ಹೊಳೆಯಿತು. ಆ ವಾರ ಎಣ್ಣೆ ಹಾಕುವ ಇನ್ನೊಬ್ಬರು ಮಗಳ ಮದುವೆಗೆಂದು ರಜೆ ಹಾಕಿದ್ದರು. ಪಾಳಿಪಟ್ಟಿಯಲ್ಲಿ ಶನಿವಾರದ ಬೆಳಗಿನ ಆರರಿಂದ ಎರಡರವರೆಗಿನ ಮನೆಯಲ್ಲಿ, ನನ್ನ ಅತ್ಯುತ್ತಮ ಕೈಬರಹದಲ್ಲಿ, ಗಫಾರ್ ಸಾಬ್ ಎಂದು ಬರೆದೆ. ಇಬ್ಬರ ಕೆಲಸ ಒಬ್ಬರ ಮೇಲೆ. ಎಂಟು ಗಂಟೆ ಎಣ್ಣೆಡಬ್ಬಿ ಹಿಡಿದು ಯಂತ್ರದಿಂದ ಯಂತ್ರಕ್ಕೆ ತಿರುಗಿ ಬರಲಿ, ಆಮೇಲೆ ನೋಡೋಣ ಈ ಫಾರಂ ಎಂಬುದನ್ನು! ಅಂದು ನಾನು ರಜೆ ಹಾಕಿ, ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಮಧ್ಯಾಹ್ನದವರೆಗೆ ಮಲಗಿದ್ದೆ. ಕ್ರೀಡಾಪಟುವಿಗೆ ವಿಶ್ರಾಂತಿ ಮುಖ್ಯ.

ಎರಡು ಇಪ್ಪತ್ತಕ್ಕೆ ಸಾಬರು ಕೈಯನ್ನು ಹತ್ತಿಯ ವೇಸ್ಟಿನಲ್ಲಿ ಒರೆಸಿಕೊಳ್ಳುತ್ತ ಮೈದಾನಕ್ಕೆ ಬಂದರು. ಮೂರಕ್ಕೆ ಪಂದ್ಯ ಶುರು. ಮೂರು ಗಂಟೆ ಹತ್ತೂವರೆ ನಿಮಿಷಕ್ಕೆ ಅವರು ಗೆದ್ದಿದ್ದರು. ಹಿಂದಿನ ಮೂರು ವರ್ಷ ಅವರು ನನಗಿಂತ ಐವತ್ತು ಗಜ ಮುಂದಿರುತ್ತಿದ್ದರು. ಈ ಸಲ ನೂರು ಗಜ. ಬನಿಯನ್ನಿನ ತೂತುಗಳೂ ಕಾಣದಷ್ಟು ದೂರ. ನಾನು ಏದುಸಿರು ಬಿಡುತ್ತ ಗೆರೆ ಮುಟ್ಟಿದಾಗ ಅವರೇ ಓಡಿ ಬಂದು ನನ್ನೆರಡು ಕೈ ಹಿಡಿದುಕೊಂಡರು.

"ರುದ್ರಪ್ಪನೋರೆ, ನಿಮ್ಮ ಉಪ್ಕಾರ ಸಾಯೋತನಕ ಮರೆಯಲ್ಲ. ಬೆಳಗಿನ ಪಾಳಿ ಹಾಕಿ ನನ್ನ ಬದುಕಿಸಿಬಿಟ್ರಿ."

"ನಾನೆಲ್ಲಿ ಹಾಕಿದೆ, ಅದು ಪಟ್ಟಿ..." ಎಂದು ತೊದಲಿದೆ.

"ನೀವಲ್ದೆ ಇನ್ಯಾರು? ಮನೇಲಿ ಸುಮ್ನೆ ಕೂತ್ರೆ ನಂಗೆ ಹೊಟ್ಟೆ ಒಳಗೆ ಏನೋ ಹರಿದಾಡ್ದಂಗೆ ಆಗುತ್ತೆ ಮಾರಾಯ್ರೆ. ಕೈಕಾಲೆಲ್ಲ ತಣ್ಣಗೆ. ಹೋದ ವರ್ಷ ಪಂದ್ಯದ ಮುಂಚೆ ಎರಡು ಸಲ ವಾಂತಿ. ಬೋಂಡ ಯಾಕೆ ತಿಂತೀನಿ ಅನ್ಕೊಂಡ್ರಿ? ಹೊಟ್ಟೇಲಿ ಏನಾದ್ರೂ ಭಾರ ಇರ್ಲಿ ಅಂತ. ಇವತ್ತು ಎಂಟು ಗಂಟೆ ತಿರುಗಿ ತಿರುಗಿ, ಹೆದ್ರಿಕೊಳ್ಳೋಕೇ ಟೈಂ ಸಿಗ್ಲಿಲ್ಲ ನೋಡಿ!"

ಒಬ್ಬನನ್ನು ಬಾವಿಗೆ ನೂಕಿ, ಅವನು ಈಜುತ್ತ ಮೇಲೆ ಬಂದು ಸ್ನಾನ ಮಾಡಿಸಿದ್ದಕ್ಕೆ ಧನ್ಯವಾದ ಹೇಳಿದರೆ ಹೇಗಾಗಬೇಡ! ಆದರೆ ಅಂದು ರಾತ್ರಿ ಹಾಸಿಗೆಯಲ್ಲಿ ಆ ಮಾತನ್ನು ಮತ್ತೆ ಮತ್ತೆ ತಿರುವಿ ನೋಡಿದಾಗ ಅದರ ಇನ್ನೊಂದು ಬದಿಯೂ ಕಂಡಿತು. ಸುಮ್ಮನೆ ಕೂತರೆ ಸಾಬರ ಫಾರಂ ಇಳಿಯುತ್ತದೆ. ಜಿಲ್ಲಾ ಪಂದ್ಯ ಭಾನುವಾರ. ಅಂದು ಎಣ್ಣೆಡಬ್ಬಿ ಇಲ್ಲ, ಯಂತ್ರವಿಲ್ಲ, ಪಾಳಿಯಿಲ್ಲ. ಇರುವುದು ಬದಲಿ ಆಳಾದ ನಾನೊಬ್ಬ.

ಈಗ ಆ ಭಾನುವಾರಕ್ಕೆ ಬರೋಣ. ಏಳು ಗಂಟೆಯ ರೈಲಿನಲ್ಲಿ ನಾವು ಮೂವರು ಶಿವಮೊಗ್ಗಕ್ಕೆ ಹೊರಟೆವು. ನಾನು, ಸಾಬರು, ಕಾರ್ಖಾನೆಯ ಕ್ರೀಡಾ ಕಾರ್ಯದರ್ಶಿ ವೇಲು. ವೇಲು ಮೂವತ್ತರ ಯುವಕ, ತಂದೆಯ ಕಾಲಕ್ಕೆ ಸೇಲಂ ಕಡೆಯಿಂದ ಬಂದು ನೆಲೆಸಿದ ಕುಟುಂಬ. ಎಲ್ಲರನ್ನೂ ಸಾರ್ ಎನ್ನುತ್ತ ಎಲ್ಲರಿಂದಲೂ ಕೆಲಸ ತೆಗೆಯುವ ಜಾಣ. ರೈಲಿನಲ್ಲಿ ಸಾಬರು ಒಂದು ಕಡೆ ಕೂರಲಿಲ್ಲ. ಬಾಗಿಲಿಗೆ ಹೋದರು, ಕಿಟಕಿಗೆ ಬಂದರು, ಯಾರದೋ ಮೂಟೆ ಎತ್ತಿ ಮೇಲಿಟ್ಟರು, ಇಳಿಯುವವರಿಗೆಲ್ಲ ಸಾಮಾನು ಇಳಿಸಿಕೊಟ್ಟರು. ಅವರ ಫಾರಂ ಕಣ್ಣೆದುರೇ ಬಿಸಿಯಾಗುತ್ತಿತ್ತು.

ಎಂಟೂವರೆಗೆ ಮೈದಾನ ಸೇರಿದೆವು. ನಮ್ಮ ಪಂದ್ಯ ಒಂಬತ್ತೂವರೆಗೆ ಎಂದಿತ್ತು. ಒಂಬತ್ತಕ್ಕೆ ಬರಬೇಕಾದ ಮುಖ್ಯ ಅತಿಥಿಗಳು ಬಂದಿರಲಿಲ್ಲ. ಶಾಮಿಯಾನದ ಕೆಳಗೆ ನಾನು ಎರಡು ಕುರ್ಚಿ ಹಿಡಿದೆ. "ಬನ್ನಿ ಸಾಬ್ರೆ, ಕೂತ್ಕೊಳ್ಳಿ" ಎಂದೆ.

"ಒಂದು ಸುತ್ತು ಹಾಕ್ಕೊಂಡು ಬರ್ತೀನಿ ರುದ್ರಪ್ಪನೋರೆ. ಅಲ್ಲಿ ಕಂಬ ನೆಡ್ತಾ ಇದಾರೆ, ಒಂದು ಕೈ ಹಾಕಿ ಬರ್ತೀನಿ."

"ಛೆ ಛೆ, ಕಂಬ ನೆಡೋಕೆ ಬೇರೆ ಜನ ಇದಾರೆ. ನೀವು ಕಾರ್ಖಾನೆ ಮಾನ ಉಳಿಸೋರು. ಕಾಲಿಗೆ ವಿಶ್ರಾಂತಿ ಕೊಡಿ."

ಈ ಮಾತು ಕಪಟವೆಂದು ಹೇಳಿಬಿಟ್ಟರೆ ಸುಲಭ. ನಿಜ ಹೇಳಬೇಕೆಂದರೆ ಪಂದ್ಯಕ್ಕೆ ಮುಂಚೆ ವಿಶ್ರಾಂತಿ ಬೇಕೆಂಬುದು ನನ್ನ ನಂಬಿಕೆಯೇ ಆಗಿತ್ತು. ನೋಟ್‌ಬುಕ್ಕಿನ ಮೊದಲನೆಯ ಪುಟದಲ್ಲೇ ಬರೆದುಕೊಂಡಿದ್ದೆ. ನಾನು ಬಾಯಲ್ಲಿ ಹೇಳಿದ ಒಂದೊಂದು ಮಾತೂ ಸರಿಯಾಗಿತ್ತು. ಹೊಟ್ಟೆಯೊಳಗಿನದು ಮಾತ್ರ ಬೇರೆ. ನೇರ ಮಾತಿನಿಂದ ಓರೆ ಕೆಲಸ ಮಾಡಬಹುದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಸಾಬರು ನಂಬಿ ಕೂತರು. ಹತ್ತು ನಿಮಿಷಕ್ಕೆ ಎದ್ದರು, ನಾನು ಕೂರಿಸಿದೆ. ಟೀ ತರಲು ಹೊರಟರು. ನಾನೇ ಓಡಿ ತಂದುಕೊಟ್ಟೆ. ಬೋಂಡ ಕೇಳಿದರು, "ಎಣ್ಣೆ ಪದಾರ್ಥ, ಬೇಡ" ಎಂದು ನನ್ನ ಪೊಟ್ಟಣ ಬಿಚ್ಚಿ ಹುರುಳಿ ಕೊಟ್ಟೆ. ಅವರು ಅದನ್ನು ಔಷಧಿಯಂತೆ ನುಂಗಿದರು. ಹತ್ತಾಯಿತು. ಹತ್ತೂವರೆ. ರವೀಂದ್ರನಗರದ ಕಡೆಯಿಂದ ಒಂದು ಕಾರು ಬಂತು, ಎಲ್ಲರೂ ಎದ್ದು ನಿಂತರು. ಅದರಿಂದ ಮುಖ್ಯ ಅತಿಥಿಗಳ ಬದಲು ಅವರ ಹಾರಗಳು ಇಳಿದವು. ಹನ್ನೊಂದು. ಸಾಬರ ಮಾತು ನಿಂತಿತ್ತು. ಕೈಗಳನ್ನು ತೊಡೆಯ ನಡುವೆ ಸಿಕ್ಕಿಸಿಕೊಂಡಿದ್ದರು. ಬಿಸಿಲು ಏರುತ್ತಿತ್ತು, ಅವರು ನಡುಗುತ್ತಿದ್ದರು.

"ಚಳಿನಾ ಸಾಬ್ರೆ?"

"ಕಾಲು ನಂದಲ್ಲ ಅನ್ನಿಸ್ತಿದೆ."

ಆ ಹೊತ್ತಿನಲ್ಲಿ ನಾನು ಎದ್ದು, ಬನ್ನಿ ಸಾಬ್ರೆ, ಮೈದಾನಕ್ಕೆ ನಾಲ್ಕು ಸುತ್ತು ಹಾಕೋಣ ಎಂದಿದ್ದರೆ ಸಾಕಿತ್ತು. ಮದ್ದು ನನಗೊಬ್ಬನಿಗೇ ಗೊತ್ತಿತ್ತು. ನನ್ನ ನಾಲಿಗೆ ಅದನ್ನು ಹಲ್ಲಿನವರೆಗೆ ತಂದು, ಚೀಲದೊಳಗಿದ್ದ ಬನಿಯನ್ ನೋಡಿ, ಮತ್ತೆ ಒಳಗೆ ಇಟ್ಟುಕೊಂಡಿತು.

ಹನ್ನೆರಡಕ್ಕೆ ಅತಿಥಿಗಳು ಬಂದು, ಧ್ವಜ ಹಾರಿ, "ನಡಿಗೆ ಪಂದ್ಯದವರು ಬನ್ನಿ" ಎಂದು ಧ್ವನಿವರ್ಧಕ ಕೂಗಿತು. ಸಾಬರು ಎದ್ದು ಎರಡು ಹೆಜ್ಜೆ ಇಟ್ಟು, ಶಾಮಿಯಾನದ ಗೂಟ ಹಿಡಿದುಕೊಂಡು, ಹಿಂದೆ ಹೋಗಿ ಹುರುಳಿಯನ್ನೆಲ್ಲ ಕಕ್ಕಿ ಬಂದರು. "ಆಗಲ್ಲ ವೇಲು ಸಾರ್. ರುದ್ರಪ್ಪನೋರು ನಡೀಲಿ. ಅವರು ರೆಡಿ ಇದಾರೆ, ದಿನಾ ರೆಡಿ ಇರ್ತಾರೆ."

ವೇಲು ತಲೆಯ ಮೇಲೆ ಕೈ ಹೊತ್ತ. "ಅಯ್ಯಯ್ಯೋ, ಎನ್ನ ಸಾರ್ ಇದು! ಹೋದ ವಾರ ರೈಲು ಥರ ಹೋದ್ರಲ್ಲ ಸಾರ್! ಕಪ್ಪು ನಮ್ದೇ ಅಂತ ಮ್ಯಾನೇಜರ್ ಹತ್ರ ಹೇಳ್ಬಿಟ್ಟಿದೀನಿ ಸಾರ್!" ಎಂದು ಗೋಳಾಡಿ, ಕೊನೆಗೆ ನನ್ನ ಕಡೆ ತಿರುಗಿ, "ಸರಿ, ನೀವಾದ್ರೂ ನಡೀರಿ ಸಾರ್" ಎಂದ. ಆ 'ಆದ್ರೂ' ನನಗೆ ಕೇಳಿಸಲೇ ಇಲ್ಲವೆಂದು ಆಗ ತೀರ್ಮಾನ ಮಾಡಿಕೊಂಡೆ. ಬನಿಯನ್ ಹಾಕಿಕೊಂಡೆ. ಹೆಗಲು ಸ್ವಲ್ಪ ಸಡಿಲವಿತ್ತು. ಸಾಬರ ಅಳತೆಗೆ ಹೊಲಿದದ್ದು. ಬೆನ್ನಿಗೆ ನಂಬರು ಚುಚ್ಚಿದವರೂ ಅವರೇ.

ಪೊಲೀಸ್, ಶಾಲೆ, ಅಂಚೆ ಕಚೇರಿ ಎಂದು ಒಂದೊಂದು ಕಡೆಯಿಂದ ಬಂದ ಎಂಟು ಜನ ಗೆರೆಯ ಬಳಿ ನಿಂತೆವು. ಮೈದಾನಕ್ಕೆ ನಾಲ್ಕು ಸುತ್ತು, ಒಂದು ಮೈಲಿ. ಪಿಸ್ತೂಲು ಸದ್ದಾಯಿತು. ಹಿಮ್ಮಡಿ, ಮೊಣಕಾಲು, ಸೊಂಟ, ಉಸಿರು ಎಂದು ನಾನು ಹಾಜರಿ ಶುರುಮಾಡಿದೆ. ಮೊದಲ ಸುತ್ತಿನ ತಿರುವಿನಲ್ಲಿ ಹಗ್ಗದ ಆಚೆಯಿಂದ ಒಂದು ಪರಿಚಿತ ಧ್ವನಿ ಬಂತು.

"ಭುಜ ಇಳಿಸಿ ರುದ್ರಪ್ಪನೋರೆ, ಕಿವಿಗೆ ತಾಗ್ತಾ ಇದೆ!"

ಗಫಾರ್ ಸಾಬರು. ಹಗ್ಗದ ಹೊರಗೆ, ನನ್ನ ಪಕ್ಕದಲ್ಲೇ. ಒಂದು ಕೈಯಲ್ಲಿ ನನ್ನ ಬಟ್ಟೆಯ ಚೀಲ, ಇನ್ನೊಂದರಲ್ಲಿ ಬಿಸಿಲಿಗೆಂದು ನಾನು ತಂದಿದ್ದ ಛತ್ರಿ, ಬಿಡಿಸಿದ್ದು. ಸ್ಪರ್ಧೆ ತಮ್ಮದಲ್ಲವೆಂದು ಗೊತ್ತಾದ ಕೂಡಲೇ ಅವರ ಕಾಲಿಗೆ ಪ್ರಾಣ ಬಂದಿತ್ತು. ಓಡುತ್ತಿರಲಿಲ್ಲ, ನಡೆಯುತ್ತಿದ್ದರು. ಹೊರಗಿನ ಸುತ್ತು ಒಳಗಿನದಕ್ಕಿಂತ ಉದ್ದ ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು. ನಾನು ಜೋರು ಮಾಡಿದೆ. ಅವರು ಮಾತಾಡುತ್ತ ಬಂದರು. "ಆ ದಪ್ಪ ಪೊಲೀಸಪ್ಪಂಗೆ ಉಸಿರು ಸಾಲ್ದು, ಹಿಂದೆ ಬಿಡಿ... ಮೇಷ್ಟ್ರು ಕಾಲು ಎತ್ತಿ ಹಾಕ್ತಾ ಇದಾರೆ, ಬಾವುಟ ಬೀಳುತ್ತೆ ನೋಡ್ತಾ ಇರಿ." ಅವರು ಹೇಳಿ ಮುಗಿಸುವಷ್ಟರಲ್ಲಿ ಮೇಷ್ಟರಿಗೆ ಕೆಂಪು ಬಾವುಟ ಬಿತ್ತು. ಎರಡನೆಯ ಸುತ್ತಿನಲ್ಲಿ ಧ್ವನಿ ನಿಂತಿತು. ಅಬ್ಬ, ಹಿಂದೆ ಬಿದ್ದರು ಎಂದು ನನಗೆ ಎಂಥ ಸಂತೋಷ! ಕಣ್ಣಂಚಿನಲ್ಲಿ ನೋಡಿದರೆ ಕಡಲೆಕಾಯಿ ಮಾರುವವಳ ಮುಂದೆ ನಿಂತು ಚೌಕಾಸಿ ಮಾಡುತ್ತಿದ್ದರು. ಅರ್ಧ ಸುತ್ತು ಕಳೆಯುವಷ್ಟರಲ್ಲಿ ಪೊಟ್ಟಣದ ಸಮೇತ ಪಕ್ಕದಲ್ಲಿದ್ದರು.

ಜನ ನಮ್ಮನ್ನು ನೋಡುವುದು ಬಿಟ್ಟು ಅವರನ್ನೇ ನೋಡತೊಡಗಿದರು. "ಏ, ಛತ್ರಿಯವ್ರು ಮುಂದೆ ಹೋದ್ರಲೇ!" ಎಂದು ಯಾರೋ ಕೂಗಿದರು. ಹುಡುಗರು ಚಪ್ಪಾಳೆ ತಟ್ಟಿದರು. ತೀರ್ಪುಗಾರರೊಬ್ಬರು ಓಡಿ ಬಂದು, "ರೀ, ಯಾರ್ರೀ ನೀವು? ನಿಮ್ಮ ನಂಬರ್ ಎಲ್ಲಿ?" ಎಂದರು. "ನಂಬರ್ ಇಲ್ಲ ಸ್ವಾಮಿ, ನಾನು ಚೀಲ ಕಾಯೋನು" ಎಂದು ನಡೆಯುತ್ತಲೇ ಉತ್ತರ ಕೊಟ್ಟರು ಸಾಬರು. ಆ ತೀರ್ಪುಗಾರರು ಒಂದು ಕ್ಷಣ ಅವರ ಕಾಲನ್ನು ನೋಡಿ, "ಎಷ್ಟು ಚೆನ್ನಾಗಿ ನಡೀತಾರೆ!" ಎಂದು ಪಕ್ಕದವರಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಸಿಟ್ಟಿಗೆ ನನ್ನ ಹಾಜರಿಪಟ್ಟಿ ಮರೆತುಹೋಯಿತು. ಹಿಮ್ಮಡಿ ಎಲ್ಲಿದೆ, ಸೊಂಟ ಎಲ್ಲಿದೆ, ಏನೂ ಗೊತ್ತಿಲ್ಲ. ಆ ಛತ್ರಿಯ ಮುಂದೆ ಹೋಗಬೇಕು, ಅಷ್ಟೆ. ಪೊಲೀಸರನ್ನು ದಾಟಿದೆ; ದಾಟಿದ್ದೇ ತಿಳಿಯಲಿಲ್ಲ. ಕೊನೆಯ ಸುತ್ತಿನಲ್ಲಿ ಅಂಚೆ ಕಚೇರಿಯವರೊಬ್ಬರನ್ನು ದಾಟಿದೆ. ಛತ್ರಿಯನ್ನು ಮಾತ್ರ ದಾಟಲಾಗಲಿಲ್ಲ. ನಾನು ಗೆರೆ ಮುಟ್ಟುವಾಗ ಸಾಬರು ಆಗಲೇ ಆಚೆ ಬದಿಯಲ್ಲಿ ಛತ್ರಿ ಮಡಿಸಿ, ಟವೆಲ್ ಬಿಡಿಸಿಕೊಂಡು ನಿಂತಿದ್ದರು.

ನನಗೆ ಮೂರನೆಯ ಸ್ಥಾನ. ಕೈಗಡಿಯಾರ ನೋಡಿದೆ. ಹತ್ತು ನಿಮಿಷ ನಲವತ್ತು ಸೆಕೆಂಡು. ಒಂಬತ್ತು ವರ್ಷದ ನೋಟ್‌ಬುಕ್ಕಿನಲ್ಲಿ ಎಲ್ಲಿಯೂ ಇಲ್ಲದ ಸಮಯ. ಹನ್ನೊಂದು ನಿಮಿಷದ ಕೆಳಗೆ ನಾನು ಎಂದೂ ಇಳಿದಿರಲಿಲ್ಲ. ನನ್ನ ಜೀವಮಾನದಲ್ಲಿ ಒಂದೇ ಒಂದು ದಿನ ನಾನು ಫಾರಂನಲ್ಲಿದ್ದೆ. ಆ ಇಡೀ ಹತ್ತು ನಿಮಿಷವೂ ಹೊಟ್ಟೆ ಉರಿಯುತ್ತಿದ್ದುದರಿಂದ ಅದನ್ನು ಅನುಭವಿಸಲು ಪುರುಸೊತ್ತೇ ಆಗಲಿಲ್ಲ. ಬಹುಶಃ ಫಾರಂ ಎಂದರೆ ಇಷ್ಟೇ ಇರಬೇಕು: ಇರುವಾಗ ಇರುವವನಿಗೆ ತಿಳಿಯದು, ತಿಳಿದಾಗ ಇರುವುದಿಲ್ಲ. ಸುತ್ತ ನಿಂತವರಿಗೆ ಮಾತ್ರ ಕಾಣುತ್ತದೆ. ಅವರಲ್ಲೊಬ್ಬನಿಗಾದರೂ ಅದು ಕಣ್ಣಿಗೆ ಮೆಣಸಿನಪುಡಿ.

ಸಾಯಂಕಾಲದ ರೈಲಿನಲ್ಲಿ ವೇಲು ಮೂರನೆಯ ಸ್ಥಾನದ ಕಾಗದವನ್ನು ಎದೆಗವಚಿಕೊಂಡು ನಿದ್ದೆ ಹೋದ. ಸಾಬರು ನನ್ನೆದುರು ಕೂತಿದ್ದರು. ಅರ್ಧ ದಾರಿಯವರೆಗೂ ತಡೆದುಕೊಂಡಿದ್ದು, ಆಮೇಲೆ ತಡೆಯಲಾರದೆ ಹೇಳಿಬಿಟ್ಟೆ. "ಸಾಬ್ರೆ, ನಿಮ್ಮನ್ನ ಬೇಕು ಅಂತಲೇ ಕೂರಿಸಿದೆ. ಪಾಳಿ ಹಾಕಿದ್ದೂ ನಿಮ್ಮ ಒಳ್ಳೇದಕ್ಕಲ್ಲ."

ಅವರು ಕಡಲೆಕಾಯಿ ಒಡೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಬಯ್ಯುತ್ತಾರೆಂದು ಕಾದೆ. ಅವರ ಮುಖದಲ್ಲಿ ನಗುವಿರಲಿಲ್ಲ. "ಅದು ತಪ್ಪು ರುದ್ರಪ್ಪನೋರೆ" ಎಂದರು. "ನಂಗೂ ಮನೇಲಿ ಮಕ್ಕಳು ಕೇಳ್ತಾರಲ್ಲ, ಅಪ್ಪಾ ಗೆದ್ರಾ ಅಂತ." ಮತ್ತೆ ಒಂದು ಕಾಯಿ ಒಡೆದು, ಎರಡು ಬೀಜದಲ್ಲಿ ಒಂದನ್ನು ನನ್ನ ಕೈಗೆ ಹಾಕಿದರು. "ಆದ್ರೆ ಒಂದು ಮಾತು ಕೇಳ್ತೀನಿ, ನಿಜ ಹೇಳಿ. ಮೂರೂವರೆ ಗಂಟೆ ನೀವೂ ನನ್ನ ಪಕ್ಕದಲ್ಲೇ ಕೂತಿದ್ರಿ. ಟೀಗೆ ಎದ್ದಿದ್ದು ಬಿಟ್ರೆ ಅಲುಗಾಡ್ಲಿಲ್ಲ, ಆಕಳಿಸ್ಲಿಲ್ಲ. ಹೆಂಗೆ ಕೂತ್ರಿ ಮಾರಾಯ್ರೆ? ನಂಗೆ ಅದೊಂದು ಬಂದಿದ್ರೆ ಇಡೀ ಮೈಸೂರು ರಾಜ್ಯದಲ್ಲಿ ನನ್ನ ಹಿಡಿಯೋರಿರ್ತಿರ್ಲಿಲ್ಲ. ನಿಮ್ಮನ್ನ ನೋಡಿ ನಂಗೆ ಹೊಟ್ಟೆ ಉರೀತಿತ್ತು!"

ನನ್ನ ಮೇಲೂ ಒಬ್ಬರಿಗೆ ಹೊಟ್ಟೆಕಿಚ್ಚು! ಅದೂ ಗಫಾರ್ ಸಾಬರಿಗೆ! ಒಂದು ಸ್ಟೇಷನ್ನಿನಷ್ಟು ದೂರ ನಾನು ಹಿಗ್ಗಿಹೋದೆ. ಆಮೇಲೆ ಅದು ಯಾವುದರ ಮೇಲಿನ ಹೊಟ್ಟೆಕಿಚ್ಚೆಂದು ಯೋಚಿಸಿದೆ. ಒಂಬತ್ತು ವರ್ಷ ಕಾಲಿಗೆ ಕೊಟ್ಟ ಶಿಕ್ಷಣವೆಲ್ಲ ಪಕ್ಕಕ್ಕಿರಲಿ. ಇಪ್ಪತ್ತಾರು ವರ್ಷ ಟೈಂ ಆಫೀಸಿನ ಕುರ್ಚಿಯಲ್ಲಿ ಕೂತೂ ಕೂತೂ, ಒಂದು ದಿನವೂ ತಪ್ಪದೆ ನಾನು ಅಭ್ಯಾಸ ಮಾಡಿದ ವಿದ್ಯೆ ಇನ್ನೊಂದಿತ್ತು. ಅದರಲ್ಲಿ ನಾನು ಎಂದೂ ಫಾರಂ ಕಳೆದುಕೊಂಡವನಲ್ಲ. ಅದಕ್ಕೆ ಯಾವ ಜಿಲ್ಲೆಯಲ್ಲೂ ಪಂದ್ಯವಿಲ್ಲ, ಅಷ್ಟೆ.

ಮನೆಗೆ ಬಂದು, ಕಾಲಿಗೆ ಬಿಸಿನೀರು ಹುಯ್ದುಕೊಂಡು, ವೇಲು ಕೊಟ್ಟಿದ್ದ ವರದಿಯ ಕಾಗದ ತೆಗೆದು ಮೇಜಿನ ಮುಂದೆ ಕೂತೆ. ಪಂದ್ಯದಿಂದ ಬಂದ ದಿನವೇ ಬರೆದು ಕೊಡಬೇಕೆಂಬುದು ನಿಯಮ. ಇದು ಬರೆದಿಟ್ಟ ನಿಯಮ. ಸ್ಪರ್ಧಿಯ ಹೆಸರು, ಪಡೆದ ಸ್ಥಾನ, ಸಮಯ ಎಲ್ಲವನ್ನೂ ತುಂಬಿದೆ. 'ಮೂಲ ಸ್ಪರ್ಧಿ ಭಾಗವಹಿಸದಿದ್ದಲ್ಲಿ ಕಾರಣ' ಎಂಬಲ್ಲಿಗೆ ಬಂದು ಲೇಖನಿ ನಿಂತಿತು. ಹೊಟ್ಟೆನೋವು ಎಂದು ಬರೆಯಿರಿ ಎಂದು ರೈಲಿಳಿಯುವಾಗ ವೇಲು ಹೇಳಿದ್ದ. ನಾನು ಬರೆದೆ: 'ಬದಲಿ ಸ್ಪರ್ಧಿಯು ಮೂಲ ಸ್ಪರ್ಧಿಯನ್ನು ತನ್ನ ಸ್ವಾರ್ಥಕ್ಕಾಗಿ ಮೂರೂವರೆ ಗಂಟೆ ಕಾಲ ಕೂರಿಸಿದ್ದು. ಮುಂದಿನ ವರ್ಷ ಇವರನ್ನು ಪಂದ್ಯದ ಮುನ್ನ ಕೂರಿಸಬಾರದು.'

ಗೌರಮ್ಮ ಹೆಗಲ ಮೇಲಿಂದ ಬಗ್ಗಿ ಓದಿದಳು. "ಹೀಗೆಲ್ಲ ಬರೆದ್ರೆ ಬೀಳ್ಕೊಡುಗೆ ದಿನ ಹಾರ ಹಾಕ್ತಾರೇನ್ರೀ?"

"ಹಾಕದಿದ್ರೆ ಬೇಡ."

"ಅಲ್ಲ, ಸಾಬ್ರು ಛತ್ರಿ ಹಿಡ್ಕೊಂಡು ನಿಮಗಿಂತ ಮುಂಚೆ ಮುಟ್ಟಿದ್ರಂತಲ್ಲ, ಅವರ ಮನೆಯವರು ಈಗ್ತಾನೆ ಹೇಳಿ ನಕ್ಕು ಹೋದ್ರು. ಅದನ್ನ ಬರೆದಿಲ್ಲ?"

ನಾನು ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಇನ್ನೊಂದು ಸಲ ಓದಿದೆ. ಎಲ್ಲ ಮನೆಗಳೂ ತುಂಬಿದ್ದವು. ಅದಕ್ಕೆಂದು ಪ್ರತ್ಯೇಕ ಜಾಗ ಬಿಟ್ಟಿರಲಿಲ್ಲ. ಕೆಳ ಅಂಚಿನಲ್ಲಿ ನಾಲ್ಕು ಬೆರಳು ಬಿಳಿ ಕಾಗದ ಉಳಿದಿತ್ತು, ನಿಜ. ಅಲ್ಲಿ ನನ್ನ ಸಹಿಯನ್ನು ಸ್ವಲ್ಪ ದೊಡ್ಡದಾಗಿ ಮಾಡಿ, ಮಡಿಸಿ, ಲಕೋಟೆಗೆ ಹಾಕಿ ಅಂಟಿಸಿದೆ. ಏಳು ಗಂಟೆ ಐವತ್ತು ನಿಮಿಷ. ಆ ದಿನದ ಕೆಲಸ ಮುಗಿಯಿತು.